ನೋಡಿ ಮಾಡಿದ ವಾದ್ಯಗೋಷ್ಠಿ

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಗಂಡು ಹುಡುಕುವುದು ನಮಗೆ ಹೊಸದೇನಲ್ಲ. ಗೋತ್ರ, ನಕ್ಷತ್ರ, ಎತ್ತರ, ಸಂಬಳ, ಕೊನೆಗೆ ‘ದುರಭ್ಯಾಸಗಳಿಲ್ಲದ’ ಎಂಬೊಂದು ವಿಶೇಷಣ: ಐದು ಸಾಲಿನಲ್ಲಿ ಒಬ್ಬ ಮನುಷ್ಯ ಮುಗಿದುಹೋಗುತ್ತಾನೆ. ಆದರೆ 1965ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ಸಿನಿಮಾ ಉದ್ಯಮದ ಪತ್ರಿಕೆಗಳಲ್ಲಿ ಬಂದ ಒಂದು ಜಾಹೀರಾತಿಗೆ ಬೇಕಾಗಿದ್ದವರು ನಾಲ್ವರು ಹುಚ್ಚು ಹುಡುಗರು. ಹುಚ್ಚು ಎಂದೇ ಬರೆದಿತ್ತು. ವಯಸ್ಸು 17ರಿಂದ 21. ಹಾಡಲು, ಬಾರಿಸಲು ಬರಬೇಕು, ಹೊಸ ಟಿವಿ ಧಾರಾವಾಹಿಯೊಂದರಲ್ಲಿ ನಟಿಸಬೇಕು, ದುಡಿಯುವ ಧೈರ್ಯವಿರಬೇಕು. ದುರಭ್ಯಾಸಗಳ ಮಾತೇ ಇರಲಿಲ್ಲ.

ಜಾಹೀರಾತು ಕೊಟ್ಟವರು ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್ ಎಂಬ ಇಬ್ಬರು ನಿರ್ಮಾಪಕರು. ಬೀಟಲ್ಸ್ ಅಮೆರಿಕಕ್ಕೆ ಬಂದು ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹುಡುಗಿಯರ ಕಿರುಚಾಟದ ನಾದ ನಿರ್ಮಾಪಕರ ಕಿವಿಯಲ್ಲಿ ಇನ್ನೂ ನಾಣ್ಯದ ಸದ್ದಿನಂತೆ ಗುಂಯ್‌ಗುಡುತ್ತಿತ್ತು. ಅಂಥದೇ ನಾಲ್ವರ ತಂಡವೊಂದನ್ನು ತಾವೇ ಕೂಡಿಸಿ ವಾರಕ್ಕೊಮ್ಮೆ ಟಿವಿಯಲ್ಲಿ ಕುಣಿಸಿದರೆ ಹೇಗೆ? ವಾದ್ಯಗೋಷ್ಠಿ ಸಾಮಾನ್ಯವಾಗಿ ಪ್ರೇಮವಿವಾಹದಂತೆ ಹುಟ್ಟುತ್ತದೆ. ಶಾಲೆಯಲ್ಲೋ ಬೀದಿಯಲ್ಲೋ ಇಬ್ಬರು ಸಿಗುತ್ತಾರೆ, ಮನೆಯವರಿಗೆ ಹೇಳದೆ ಗಿಟಾರ್ ತರುತ್ತಾರೆ, ಹತ್ತು ವರ್ಷದ ಮೇಲೆ ಜಗಳವಾಡಿ ಬೇರೆಯಾಗುತ್ತಾರೆ. ಇವರದು ಹಾಗಲ್ಲ, ಹಿರಿಯರು ಕೂತು ಜಾತಕ ಹೊಂದಿಸಿ ಮಾಡಿದ ಸಂಬಂಧ. ತಂಡಕ್ಕೆ ಇಟ್ಟ ಹೆಸರು ಮಂಕೀಸ್. ಬೀಟಲ್ಸ್ ತಮ್ಮ ಹೆಸರಿನ ಕಾಗುಣಿತ ತಪ್ಪಿಸಿದ್ದರಿಂದ ಇವರೂ ಕೋತಿಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ತಪ್ಪಿಸಿಕೊಂಡರು.

ಗಂಡು ನೋಡುವ ಶಾಸ್ತ್ರಕ್ಕೆ 437 ಮಂದಿ ಬಂದರು. ಆಯ್ಕೆಯಾದವರ ಜಾತಕ ನೋಡಿದರೆ ಯಾವ ಪುರೋಹಿತನೂ ಈ ನಾಲ್ಕು ಕೂಡಿಬರುತ್ತವೆ ಎನ್ನುತ್ತಿರಲಿಲ್ಲ. ಡೇವಿ ಜೋನ್ಸ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನವನು, ಕುಳ್ಳ, ನಾಟಕದ ಹುಡುಗ. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಮೊದಲ ಬಾರಿ ನೇರವಾಗಿ ಹಾಡಿದ ರಾತ್ರಿ ಅದೇ ಕಾರ್ಯಕ್ರಮದಲ್ಲಿ ತನ್ನ ನಾಟಕ ತಂಡದೊಂದಿಗೆ ಇವನೂ ಇದ್ದ, ಕಿರುಚಾಟವನ್ನು ರಂಗದ ಪಕ್ಕದಿಂದ ಕಂಡವನು. ಮಿಕ್ಕಿ ಡೊಲೆಂಜ್ ಬಾಲನಟನಾಗಿ ಸರ್ಕಸ್ಸಿನ ಕಥೆಯ ಧಾರಾವಾಹಿಯೊಂದರಲ್ಲಿ ಆನೆಮರಿಯ ಜೊತೆ ಬೆಳೆದವನು. ಪೀಟರ್ ಟಾರ್ಕ್ ನ್ಯೂಯಾರ್ಕಿನ ಕಾಫಿ ಹೋಟೆಲುಗಳಲ್ಲಿ ಜನಪದ ಗೀತೆ ಹಾಡಿಕೊಂಡಿದ್ದವನು. ಸ್ಟೀಫನ್ ಸ್ಟಿಲ್ಸ್ ಎಂಬ ಗೆಳೆಯ ತಾನು ಆಯ್ಕೆಯಾಗದೆ, ‘ನನ್ನಂತೆಯೇ ಕಾಣುವ ಇನ್ನೊಬ್ಬನಿದ್ದಾನೆ’ ಎಂದು ಇವನನ್ನು ಕಳಿಸಿದ. ನಾಲ್ಕನೆಯವನು ಟೆಕ್ಸಾಸಿನ ಮೈಕಲ್ ನೆಸ್ಮಿತ್. ಮೋಟಾರ್ ಸೈಕಲ್ಲಿನಲ್ಲಿ ಕೂದಲು ಕಣ್ಣಿಗೆ ಬೀಳದಿರಲೆಂದು ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು, ಒಗೆಯುವ ಬಟ್ಟೆಯ ಚೀಲ ಹೊತ್ತು ಬಂದನಂತೆ. ಆ ಟೊಪ್ಪಿಗೆಯೇ ಅವನ ವೇಷವಾಯಿತು. ನಮ್ಮಲ್ಲಾಗಿದ್ದರೆ ಚೀಲ ನೋಡಿದ ಕೂಡಲೇ ಹುಡುಗನನ್ನು ವಾಪಸು ಕಳಿಸುತ್ತಿದ್ದರು.

ಇಲ್ಲಿ ನನ್ನದೊಂದು ಪ್ರಸಂಗ ನೆನಪಾಗುತ್ತದೆ. ನಮ್ಮದೂ ನೋಡಿ ಮಾಡಿದ ಮದುವೆಯೇ. ಹುಡುಗಿ ನೋಡಲು ಹೋದ ದಿನ ಕೇಸರಿಬಾತು, ಬೋಂಡ ಬಂದವು. ನನ್ನ ದೊಡ್ಡಮ್ಮ ಬೋಂಡ ಮುರಿಯುತ್ತಾ, “ಹಾಡು ಬರುತ್ತದೆಯೇನಮ್ಮ?” ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿ ಒಂದು ದೇವರನಾಮ ಹಾಡಿದಳು. ಪಲ್ಲವಿ ಆಯಿತು, ಒಂದು ಚರಣ ಆಯಿತು. “ಸಾಕಮ್ಮ, ಕಂಠ ಚೆನ್ನಾಗಿದೆ” ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ನಾನು ಸಂಗೀತ ಬಲ್ಲವನಂತೆ ತಲೆಯಾಡಿಸಿದೆ. ಈ ವಿಷಯ ಮತ್ತೆ ಬರುತ್ತದೆ.

ಧಾರಾವಾಹಿ 1966ರ ಸೆಪ್ಟೆಂಬರ್ 12ರಂದು ಎನ್‌ಬಿಸಿಯಲ್ಲಿ ಶುರುವಾಯಿತು. ಒಂದೂವರೆ ವರ್ಷ, 58 ಕಂತು. ಕಳೆದ ಕೆಲವು ವಾರಗಳಿಂದ ರಾತ್ರಿ ಊಟವಾದ ಮೇಲೆ ನಾನು ಇವನ್ನು ಮೊಬೈಲಿನಲ್ಲಿ ಒಂದೊಂದಾಗಿ ನೋಡುತ್ತಿದ್ದೇನೆ. ಕಥೆ ಎನ್ನುವಂಥದ್ದು ಹೆಚ್ಚಿಲ್ಲ. ನಾಲ್ವರು ಬಡ ಹುಡುಗರು ಸಮುದ್ರದ ದಡದ ಮನೆಯೊಂದರಲ್ಲಿ ಬಾಡಿಗೆಗೆ ಇದ್ದಾರೆ. ಬಾಡಿಗೆ ಕೊಟ್ಟಿಲ್ಲ. ಮನೆಯ ಮಾಲೀಕ ಬ್ಯಾಬಿಟ್ ಆಗಾಗ ಬಂದು ಗದರುತ್ತಾನೆ. ಮನೆಯೊಳಗೆ ಶ್ನೈಡರ್ ಎಂಬ ಹೆಸರಿನ ಬೊಂಬೆಯೊಂದು ಕುರ್ಚಿಯಲ್ಲಿ ಕೂತಿದೆ. ದಾರ ಎಳೆದರೆ ಒಂದು ಬುದ್ಧಿಮಾತು ಹೇಳುತ್ತದೆ. ನಿರ್ಮಾಪಕನ ಹೆಸರನ್ನೇ ದಾರ ಎಳೆದರೆ ಮಾತಾಡುವ ಬೊಂಬೆಗೆ ಇಟ್ಟಿರುವುದನ್ನು ಕಂಡು ನಾನು ನಕ್ಕ ನಗೆಗೆ ಅಡುಗೆಮನೆಯಿಂದ ವಿಚಾರಣೆ ಬಂತು. ಡೇವಿ ಪ್ರತಿ ಕಂತಿನಲ್ಲೂ ಯಾವಳೋ ಒಬ್ಬಳನ್ನು ಕಂಡು ಮರುಳಾಗುತ್ತಾನೆ. ಆಗ ಅವನ ಕಣ್ಣಿನಲ್ಲಿ ನಿಜವಾಗಿಯೂ ನಕ್ಷತ್ರ ಮಿನುಗುತ್ತದೆ, ಚಿತ್ರದ ಮೇಲೆ ಅಂಟಿಸಿದ ನಕ್ಷತ್ರ. ಅಲ್ಲಿಗೆ ಯಾರೋ ಅವಳನ್ನು ಹೊತ್ತೊಯ್ಯುತ್ತಾರೆ, ಇವರು ಬಿಡಿಸಲು ಓಡುತ್ತಾರೆ, ಓಡುವಾಗ ಹಾಡು ಶುರುವಾಗುತ್ತದೆ. ಹಾಡಿನ ತುಂಬ ಬಿದ್ದು, ಎದ್ದು, ಗಿಡ ಮರ ಸುತ್ತಿ, ಬಟ್ಟೆ ಬದಲಾಯಿಸಿ ಮತ್ತೆ ಓಡುವುದು.

ಕನ್ನಡ ಚಿತ್ರ ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನಿದೆ? ಅಮೆರಿಕದವರಿಗೆ ಮಾತ್ರ ಆಗ ಇದು ಹೊಸತು. ನಟರು ಕ್ಯಾಮೆರಾದ ಕಡೆ ತಿರುಗಿ ಮಾತಾಡುವುದು, ದೃಶ್ಯದ ನಡುವೆ ಅಕ್ಷರ ಮೂಡುವುದು, ಕಾರಣವಿಲ್ಲದೆ ಚಿತ್ರದ ವೇಗ ಹೆಚ್ಚುವುದು. 1967ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಎಂದು ಎಮ್ಮಿ ಪ್ರಶಸ್ತಿಯನ್ನೂ ಕೊಟ್ಟರು.

ಸಂಕಟ ಶುರುವಾದದ್ದು ಹಾಡುಗಳಿಂದ. ಸಂಗೀತದ ಯಜಮಾನಿಕೆ ಡಾನ್ ಕಿರ್ಶ್ನರ್ ಎಂಬುವನ ಕೈಯಲ್ಲಿತ್ತು. ಯಾವ ಹಾಡು ಓಡುತ್ತದೆ ಎಂದು ಮೂಗಿನಿಂದಲೇ ತಿಳಿಯುತ್ತಿದ್ದ ಮನುಷ್ಯ. ನೀಲ್ ಡೈಮಂಡ್, ಕರೋಲ್ ಕಿಂಗ್ ಮುಂತಾದವರಿಂದ ಹಾಡು ಬರೆಸಿದ, ನುರಿತ ಸ್ಟುಡಿಯೋ ವಾದ್ಯಗಾರರಿಂದ ನುಡಿಸಿದ. ಈ ಹುಡುಗರ ಪಾಲಿಗೆ ಉಳಿದದ್ದು ಬಂದು ಹಾಡಿ ಹೋಗುವುದು. ನೆಸ್ಮಿತ್ ಸ್ವತಃ ಹಾಡು ಕಟ್ಟಬಲ್ಲವನು, ಟಾರ್ಕ್ ನಾಲ್ಕಾರು ವಾದ್ಯ ಬಲ್ಲವನು. ಅವರ ಕೈಗೆ ಕೆಲಸವಿರಲಿಲ್ಲ. ಮಿಕ್ಕಿಗೆ ಡ್ರಮ್ ಕೊಟ್ಟಿದ್ದರು, ಅವನಿಗೆ ಡ್ರಮ್ ಬರುತ್ತಿರಲಿಲ್ಲ. ಡೇವಿಯನ್ನು ಕೂರಿಸೋಣವೆಂದರೆ ಕುಳ್ಳ ಹುಡುಗ ಡ್ರಮ್ಮಿನ ಹಿಂದೆ ಮರೆಯಾಗಿಬಿಡುತ್ತಾನೆ, ಹುಡುಗಿಯರು ನೋಡಲು ಬರುವುದೇ ಅವನನ್ನು. ಅವನ ಕೈಗೊಂದು ಕಂಜೀರದಂಥ ಗಿಲಕಿ ಕೊಟ್ಟು ಮುಂದೆ ನಿಲ್ಲಿಸಿದರು. ಎರಡನೆಯ ಧ್ವನಿಮುದ್ರಿಕೆ 1967ರ ಜನವರಿಯಲ್ಲಿ ಅಂಗಡಿಗೆ ಬಂದಾಗ ನಾಲ್ವರೂ ಊರೂರು ಸುತ್ತುತ್ತಿದ್ದರು. ಅದು ಹೊರಬಂದಿದೆ ಎಂಬುದೇ ಅವರಿಗೆ ಗೊತ್ತಿರದೆ ಅಂಗಡಿಯಿಂದ ತರಿಸಿ ನೋಡಬೇಕಾಯಿತು. ಮದುಮಗನಿಗೆ ತನ್ನ ಲಗ್ನಪತ್ರಿಕೆ ಅಂಚೆಯಲ್ಲಿ ಬಂದ ಹಾಗೆ. ಆ ಮುದ್ರಿಕೆ 18 ವಾರ ಅಮೆರಿಕದ ಜನಪ್ರಿಯ ಮುದ್ರಿಕೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿತ್ತು.

ಇವರು ತಾವೇ ಬಾರಿಸುತ್ತಿಲ್ಲ ಎಂಬ ಸಂಗತಿ ಹೊರಬಿದ್ದಾಗ ಅಲ್ಲಿನ ಪತ್ರಿಕೆಗಳು ಹಾರಾಡಿದವು. ಮೋಸ, ನಕಲಿ, ಕಾರ್ಖಾನೆ ಮಾಲು. ಓದಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ಅರ್ಜುನ ಕುಣಿಯುತ್ತಾನೆ. ‘ನೀನೇಕಯ್ಯ ಹಾಡುತ್ತಿಲ್ಲ’ ಎಂದು ಅರ್ಜುನನನ್ನು ಯಾರಾದರೂ ಕೇಳಿದ್ದಾರೆಯೇ? ನಮ್ಮ ರಾಜಕುಮಾರ್ ನಾಟಕ ಕಂಪನಿಯಲ್ಲಿ ಹಾಡಿ ಬೆಳೆದವರು. ಆದರೂ ಎಷ್ಟೋ ವರ್ಷ ತೆರೆಯ ಮೇಲೆ ಅವರ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿಯಾದರು. ಆ ತುಟಿಗೂ ಆ ದನಿಗೂ ಇದ್ದ ಹೊಂದಾಣಿಕೆ ಎಷ್ಟು ಗಂಡಹೆಂಡಿರಲ್ಲಿದೆ? ನಾವು ಒಬ್ಬರಿಗೆ ಶಿಳ್ಳೆ ಹಾಕಿದೆವು, ಇನ್ನೊಬ್ಬರಿಗೆ ಕೈ ಮುಗಿದೆವು, ಮೋಸ ಹೋದೆವೆಂದು ಯಾರಿಗೂ ಅನ್ನಿಸಲಿಲ್ಲ. ಆ ಲೆಕ್ಕದಲ್ಲಿ ಮಂಕೀಸ್ ನಮ್ಮ ನಾಯಕರಿಗಿಂತ ಒಂದು ಪಾಲು ಹೆಚ್ಚೇ ಪ್ರಾಮಾಣಿಕರು. ಕಂಠವಾದರೂ ಅವರದೇ ಆಗಿತ್ತು.

ಆದರೆ ರಾಜಕುಮಾರರ ಉದಾಹರಣೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. 1974ರಲ್ಲಿ ಅವರು ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು. ಅಲ್ಲಿಂದ ಮುಂದೆ ಕನ್ನಡಿಗರಿಗೆ ಆ ತುಟಿಯಿಂದ ಬೇರೆ ದನಿ ಕೇಳುವುದು ಬೇಡವಾಯಿತು. ಬಾಯಿ ಎಂಬುದಕ್ಕೆ ಎಂದಾದರೊಂದು ದಿನ ತನ್ನದೇ ಹಾಡು ಬೇಕಾಗುತ್ತದೆಯೋ ಏನೋ. ಮಂಕೀಸಿಗೂ ಅದೇ ಆಯಿತು, ಅವರ ಎಮ್ಮೆ ಮಾತ್ರ ಸ್ವಲ್ಪ ಒದೆಯಿತು.

1967ರ ಆರಂಭದಲ್ಲಿ ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಕಿರ್ಶ್ನರ್ ಹುಡುಗರನ್ನು ಕರೆಸಿ ದೊಡ್ಡ ಮೊತ್ತದ ಚೆಕ್ಕುಗಳನ್ನು ಕೈಗಿತ್ತ. ಚೆಕ್ ಹಿಡಿದ ನೆಸ್ಮಿತ್ ಕೇಳಿದ್ದು ಬೇರೆ: ನಮ್ಮ ಮುದ್ರಿಕೆಯಲ್ಲಿ ನಾವೇ ಬಾರಿಸಬೇಕು. ಜೊತೆಗಿದ್ದ ವಕೀಲ ಒಪ್ಪಂದದ ಷರತ್ತು ನೆನಪಿಸಿದ. ನೆಸ್ಮಿತ್ ಗೋಡೆಗೆ ಗುದ್ದಿದ, ಗೋಡೆಯಲ್ಲಿ ತೂತು ಬಿತ್ತು. ಅದು ನಿನ್ನ ಮುಖವಾಗಬಹುದಿತ್ತು ಎಂಬರ್ಥದ ಮಾತನ್ನೂ ಸೇರಿಸಿದ. ಐಷಾರಾಮಿ ಹೋಟೆಲಿನ ಗೋಡೆ ಒಂದು ಗುದ್ದಿಗೆ ತೂತಾಗುವಷ್ಟು ತೆಳ್ಳಗಿತ್ತೇ ಎಂಬುದು ನನ್ನ ಖಾಸಗಿ ಸೋಜಿಗ. ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಯಾಗಿದ್ದರೆ ನೆಸ್ಮಿತ್ ಮತ್ತೆ ಗಿಟಾರ್ ಹಿಡಿಯುತ್ತಿರಲಿಲ್ಲ. ಇರಲಿ. ಕೆಲವೇ ವಾರಗಳಲ್ಲಿ ಕಿರ್ಶ್ನರ್ ಹೊರಗಾದ.

ನಾಲ್ವರೂ ಸ್ಟುಡಿಯೋ ಸೇರಿ ತಾವೇ ಬಾರಿಸಿದರು. ಮಿಕ್ಕಿ ಅಷ್ಟರಲ್ಲಿ ಡ್ರಮ್ ಕಲಿತಿದ್ದ. ಕಲಿತಿದ್ದ ಎಂದರೆ, ನಮ್ಮ ಪಕ್ಕದ ಮನೆಯವರು ಕಾರು ಕಲಿತಂತೆ: ಹೋಗಬೇಕಾದಲ್ಲಿಗೆ ಹೋಗುತ್ತದೆ, ಜೊತೆಗಿದ್ದವರು ಜೀವ ಹಿಡಿದುಕೊಂಡಿರುತ್ತಾರೆ. ಆ ಮುದ್ರಿಕೆಯನ್ನು ನಾನು ಮೂರು ಸಲ ಕೇಳಿದೆ. ಸ್ಟುಡಿಯೋ ಪಂಡಿತರ ನಯ ಇಲ್ಲ. ತಾಳ ಒಂದೆರಡು ಕಡೆ ಮೆಟ್ಟಿಲು ತಪ್ಪಿದಂತೆ ಕೇಳುತ್ತದೆ. ಆದರೆ ಒಬ್ಬ ಎಡವಿದರೆ ಇನ್ನೊಬ್ಬ ಕಾಯುತ್ತಾನೆ. ಒಂದೇ ಕೋಣೆಯಲ್ಲಿ ಕೂತು ಬಾರಿಸಿದವರಲ್ಲಿ ಮಾತ್ರ ಸಿಗುವ ಸದ್ದು ಅದು. ಮದುವೆಯಾದ ಮೇಲೆ ಪರಿಚಯವಾಗುವುದು ನಮಗೇನು ಅರಿಯದ ವಿದ್ಯೆಯೇ? ಈ ಮುದ್ರಿಕೆಯೂ ಪಟ್ಟಿಯಲ್ಲಿ ಮೊದಲನೆಯದಾಯಿತು. ಒಂದೇ ವಾರ. ಮರುವಾರ ಅಸಲಿ ಬೀಟಲ್ಸ್ ಹೊಸ ಮುದ್ರಿಕೆ ತಂದು ಅವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು.

ಕಿರ್ಶ್ನರ್ ಪಾಠ ಕಲಿತ. ಮುಂದೆ ಅವನು ಹಾಡಿಸಿದ್ದು ಆರ್ಚೀಸ್ ಎಂಬ ವ್ಯಂಗ್ಯಚಿತ್ರದ ತಂಡವನ್ನು. ಕಾಗದದ ಹುಡುಗರು ಎದುರು ಮಾತಾಡುವುದಿಲ್ಲ, ಗೋಡೆಗೆ ಗುದ್ದುವುದಿಲ್ಲ. 1969ರಲ್ಲಿ ಅವರ ಸಕ್ಕರೆಯಂಥ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಬಹಳ ಅಳಿಯಂದಿರನ್ನು ಕಂಡ ಮಾವನಿಗೆ ಮಾತ್ರ ಹೊಳೆಯುವ ಉಪಾಯ.

1967ರ ಜುಲೈಯಲ್ಲಿ ನಡೆದ ಇನ್ನೊಂದು ಸಂಗತಿ ಹೇಳದಿದ್ದರೆ ಸಮಾಧಾನವಿಲ್ಲ. ಮಂಕೀಸ್ ಕಛೇರಿಗಳಲ್ಲಿ ಮೊದಲು ಬಂದು ಬಾರಿಸಲು ಗೊತ್ತಾಗಿದ್ದವನು ಜಿಮಿ ಹೆಂಡ್ರಿಕ್ಸ್. ಗಿಟಾರನ್ನು ಗರ್ಜಿಸುವಂತೆ ಮಾಡಿದ ಆ ಮಹಾನುಭಾವ ವೇದಿಕೆಯಲ್ಲಿ ತಪಸ್ಸಿಗೆ ಕೂತರೆ ಕೆಳಗಿನಿಂದ ಎಳೆಯ ಹುಡುಗಿಯರು ‘ಡೇವಿ, ಡೇವಿ’ ಎಂದು ಕೂಗುತ್ತಿದ್ದರು. ಕೆಲವೇ ಕಛೇರಿಗಳಲ್ಲಿ ಅವನು ಕೈ ಮುಗಿದು ಹೊರಟ. ಭೀಮಸೇನ ಜೋಶಿಯವರ ದರ್ಬಾರಿಯನ್ನು ಹುಟ್ಟುಹಬ್ಬದ ಸಮಾರಂಭಕ್ಕೆ ಇಟ್ಟುಕೊಂಡ ಹಾಗೆ.

ನೆಸ್ಮಿತನ ಬಗ್ಗೆ ಓದುವಾಗ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ತಾಯಿ. ಡಲ್ಲಾಸಿನ ಬ್ಯಾಂಕೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಬೆಟ್ಟಿ, ಬೆರಳಚ್ಚಿನ ತಪ್ಪುಗಳನ್ನು ಮುಚ್ಚಲು ಬಿಳಿಯ ಬಣ್ಣ ಕಲಸಿ ಸಣ್ಣ ಕುಂಚದಿಂದ ಬಳಿಯುತ್ತಿದ್ದಳು. ಮಗನೂ ಅವನ ಗೆಳೆಯರೂ ಕೂತು ಪುಟ್ಟ ಶೀಷೆಗಳಿಗೆ ತುಂಬುತ್ತಿದ್ದರು. ಅದೇ ನಾವು ಕಚೇರಿಯಲ್ಲಿ ಹಾಜರಿ ಪುಸ್ತಕದ ಮೇಲೆ ಬಳಿದು ಬೈಸಿಕೊಂಡ ವೈಟ್ನರಿನ ಅಜ್ಜಿ. 1979ರಲ್ಲಿ ಆಕೆ ಆ ವ್ಯಾಪಾರವನ್ನು ಜಿಲೆಟ್ ಕಂಪನಿಗೆ 4 ಕೋಟಿ 75 ಲಕ್ಷ ಡಾಲರಿಗೆ ಮಾರಿದಳು. ತಾಯಿ ತಪ್ಪು ಮುಚ್ಚಿ ದುಡ್ಡು ಮಾಡಿದಳು, ಮಗ ಬಯಲು ಮಾಡಿ ಹೆಸರು ಕೆಡಿಸಿಕೊಂಡ.

ಕೆಲವು ಕಂತುಗಳು ಅಳತೆಗಿಂತ ಒಂದು ನಿಮಿಷ ಮೊಟಕಾಗುತ್ತಿದ್ದವು. ಆಗ ಕ್ಯಾಮೆರಾ ಹಾಗೇ ಓಡುತ್ತದೆ, ಹಿಂದಿನಿಂದ ಯಾರದೋ ದನಿ ಪ್ರಶ್ನೆ ಕೇಳುತ್ತದೆ, ಹುಡುಗರು ವೇಷ ಕಳಚಿದವರಂತೆ ಕೂತು ಉತ್ತರಿಸುತ್ತಾರೆ. ಇಡೀ ಧಾರಾವಾಹಿಯಲ್ಲಿ ನನಗೆ ಪ್ರಿಯವಾದ ಭಾಗ ಅದೇ. ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ಪಿನಲ್ಲಿ ಯುವಕರು ಬೀದಿಗಿಳಿದಿದ್ದ ಕಾಲ. ಗಲಭೆಯ ಬಗ್ಗೆ ಏನನ್ನುತ್ತೀರಿ ಎಂದರೆ ಮಿಕ್ಕಿ, ಅದು ಗಲಭೆಯಲ್ಲ, ಪ್ರತಿಭಟನೆ, ಪತ್ರಕರ್ತರಿಗೆ ಆ ಪದದ ಕಾಗುಣಿತ ಬಾರದ್ದರಿಂದ ಗಲಭೆ ಎಂದು ಬರೆಯುತ್ತಾರೆ ಎನ್ನುತ್ತಾನೆ. ಬರೆದುಕೊಟ್ಟ ಮಾತಿನಲ್ಲಿ ಇಷ್ಟು ಹರಿತವಾದದ್ದು ಅವನ ಬಾಯಿಂದ ನಾನು ಕೇಳಿಲ್ಲ.

ಡೇವಿ 2012ರಲ್ಲಿ ಹೋದ, ಟಾರ್ಕ್ 2019ರಲ್ಲಿ. ಉಳಿದಿಬ್ಬರು 2021ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಕೊನೆಯ ಕಛೇರಿ ಕೊಟ್ಟರು. ತಿಂಗಳು ತುಂಬುವ ಮೊದಲೇ ನೆಸ್ಮಿತ್ ಕೂಡ ಹೋದ. ಡ್ರಮ್ ಬಾರದ ಮಿಕ್ಕಿಯ ಪಾಲಿಗೆ ಇಡೀ ತಂಡ ಬಂತು.

ಮೊನ್ನೆ ರಾತ್ರಿ ಹುಡುಗರು ವೇಷ ಕಳಚಿ ಮಾತಾಡುವ ಅಂಥ ಒಂದು ನಿಮಿಷವನ್ನು ನೋಡುತ್ತಿದ್ದಾಗ ನನ್ನವಳು ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ನಾನು ಉತ್ಸಾಹದಿಂದ ಕಥೆಯನ್ನೆಲ್ಲ ಹೇಳಿದೆ: ಜಾಹೀರಾತು, ಆಯ್ಕೆ, ಬಾರಿಸಲು ಬಾರದವನ ಕೈಗೆ ಡ್ರಮ್ ಕೊಟ್ಟದ್ದು, ಆಮೇಲೆ ಅವನು ಕಲಿತದ್ದು. ಎಲ್ಲವನ್ನೂ ಕೇಳಿ, “ನಿಮ್ಮ ದೊಡ್ಡಮ್ಮ ಅವತ್ತು ಸಾಕು ಎಂದರಲ್ಲ, ಪುಣ್ಯಾತ್ಮರು” ಎಂದಳು.

“ಯಾಕೆ?”

“ಪಲ್ಲವಿ, ಒಂದು ಚರಣ. ಅಷ್ಟೇ ಹೇಳಿಕೊಟ್ಟಿದ್ದರು. ಅದೂ ಹಿಂದಿನ ಭಾನುವಾರ, ಎದುರು ಮನೆಯ ಮಾಮಿ.”

“ಉಳಿದದ್ದು ಆಮೇಲೆ ಕಲಿತೆಯಾ?”

“ನೀವು ಯಾವತ್ತು ಕೇಳಿದಿರಿ?” ಎಂದು ಹೇಳಿ ದೀಪ ಆರಿಸಲು ಎದ್ದಳು.