ದೇವರ ಮುಂದೆ ಒಬ್ಬರೇ ನಿಲ್ಲಬೇಕೆ? ಕಿರ್ಕೆಗಾರ್ಡ್ ಮಾತಿಗೆ ಪರ-ವಿರೋಧ

ಪರ

ಹೌದು, ಒಬ್ಬರೇ. ನಂಬಿಕೆ ಎಂದರೆ ಗುಂಪಿನ ಆಸರೆ ಇಲ್ಲದೆ ದೇವರ ಮುಂದೆ ಒಬ್ಬನೇ ನಿಲ್ಲುವುದು ಎಂದವನು ಡೆನ್ಮಾರ್ಕಿನ ತತ್ವಜ್ಞಾನಿ ಸೋರೆನ್ ಕಿರ್ಕೆಗಾರ್ಡ್. ಆತ 1813ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ. ಆಗ ಅಲ್ಲಿ ಚರ್ಚು ಸರ್ಕಾರದ್ದು, ಪಾದ್ರಿ ಸರ್ಕಾರದ ನೌಕರ. ಮಗು ಹುಟ್ಟಿದರೆ ಸಾಕು, ಕ್ರೈಸ್ತ ಎಂದು ಲೆಕ್ಕ. ಆತ ಕೇಳಿದ್ದು ಇಷ್ಟೇ: ಹಾಗಾದರೆ ನಿಜವಾಗಿ ನಂಬಿದವರು ಯಾರು? 1855ರಲ್ಲಿ ಸಾಯುವಾಗಲೂ ಪಾದ್ರಿಯ ಕೈಯಿಂದ ಪ್ರಭುಭೋಜನ (ಚರ್ಚಿನಲ್ಲಿ ಕೊಡುವ ಪವಿತ್ರ ರೊಟ್ಟಿ, ದ್ರಾಕ್ಷಾರಸ) ಬೇಡ ಎಂದ.

1843ರ 'ಭಯ ಮತ್ತು ನಡುಕ' ಎಂಬ ಆತನ ಪುಸ್ತಕದಲ್ಲಿ ಬೈಬಲ್ಲಿನ ಅಬ್ರಹಾಮನ ಕಥೆ ಇದೆ. ಮಗ ಇಸಾಕನನ್ನು ಬಲಿ ಕೊಡು ಎಂದು ದೇವರ ಅಪ್ಪಣೆ. ಬಲಿ ಕೊಡಬೇಕಾದ ಮೊರೀಯ ಬೆಟ್ಟ ಕಣ್ಣಿಗೆ ಬೀಳುವುದು ಮೂರನೆಯ ದಿನ. ಹೆಂಡತಿ ಸಾರಳಿಗೂ ಹೇಳುವಂತಿಲ್ಲ. ಗ್ರೀಕರ ಕಥೆಯ ರಾಜ ಅಗಮೆಮ್ನಾನ್ ಕೂಡ ಮಗಳನ್ನು ಬಲಿ ಕೊಡುತ್ತಾನೆ. ಅದು ಸೈನ್ಯಕ್ಕಾಗಿ, ಹಾಗಾಗಿ ನಾಡೇ ಅವನ ಜೊತೆ ಅಳುತ್ತದೆ. ಅಬ್ರಹಾಮನ ಜೊತೆ ಅಳುವವರಿಲ್ಲ.

ಎಂಟು ವರ್ಷದ ಹಿಂದೆ ನನ್ನ ಅಪ್ಪ ಬಿದ್ದು ಸೊಂಟ ಮುರಿದುಕೊಂಡರು. ಹೃದಯವೂ ವೀಕ್. ಆಪರೇಷನ್ ಮಾಡಿದರೂ ಕಷ್ಟ, ಬಿಟ್ಟರೂ ಕಷ್ಟ ಎಂದರು ಡಾಕ್ಟರು. ಹೊರಗೆ ಚಿಕ್ಕಪ್ಪ, ಅತ್ತೆ, ಭಾವ, ಎಲ್ಲ ಇದ್ದರು. ಒಬ್ಬೊಬ್ಬರದು ಒಂದೊಂದು ಸಲಹೆ. ಫಾರ್ಮ್ ಬಂದ ಕೂಡಲೇ ಎಲ್ಲರೂ ಸುಮ್ಮನಾದರು. ಪೆನ್ನು ನನ್ನ ಕೈಯಲ್ಲಿತ್ತು. ಆ ಎರಡು ನಿಮಿಷ ಬೇಡಿಕೊಂಡಂತೆ ನಾನು ಯಾವ ದೇವಸ್ಥಾನದಲ್ಲೂ ಬೇಡಿಕೊಂಡಿಲ್ಲ. ಸಹಿ ಹಾಕಿದೆ. ಅಪ್ಪ ಉಳಿಯಲಿಲ್ಲ. "ಒಳ್ಳೇದೇ ಮಾಡಿದೆ ಬಿಡು" ಎಂದರು ಎಲ್ಲರೂ. ಆ ಮಾತು ನನಗೆ ತಾಗಲೇ ಇಲ್ಲ. ಸರಿಯೋ ತಪ್ಪೋ, ಅದು ಇವತ್ತಿಗೂ ನನಗೂ ದೇವರಿಗೂ ಬಿಟ್ಟದ್ದು.

'ದೇವರು ಹೇಳಿದ' ಅಂತ ಯಾರು ಬೇಕಾದರೂ ಕತ್ತಿ ಎತ್ತಬಹುದಾ ಎಂದು ಕೇಳುತ್ತಾರೆ. ನಂಬಿಕೆಯ ನೋವು ಗೊತ್ತಿಲ್ಲದವರ ಪ್ರಶ್ನೆ ಅದು. ಕತ್ತಿ ಎತ್ತುವವನ ಬೆನ್ನಿಗೆ ಯಾವಾಗಲೂ ಗುಂಪು ಇರುತ್ತದೆ. ಗುಂಪೇ ಸುಳ್ಳು ಎಂದವನು ಕಿರ್ಕೆಗಾರ್ಡ್.

ವಿರೋಧ

ಈ ಬದಿಯಿಂದ ಬರೆಯಿರಿ ಎಂದು ನನಗೆ ಹೇಳಿದರು. ಚರ್ಚಿನ ಬಗ್ಗೆ ಕಿರ್ಕೆಗಾರ್ಡ್ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಆತನ ನಂಬಿಕೆಯೂ ಅಪ್ಪನ ಮನೆಯಲ್ಲೇ ಬೆಳೆದದ್ದು, ಅಲ್ವಾ? ಯಾರೂ ಒಬ್ಬರೇ ನಂಬಲು ಕಲಿಯುವುದಿಲ್ಲ.

ಇನ್ನು ರೆಗಿನೆ ಓಲ್ಸೆನ್. 1840ರಲ್ಲಿ ಅವಳಿಗೂ ಕಿರ್ಕೆಗಾರ್ಡ್‌ಗೂ ನಿಶ್ಚಿತಾರ್ಥವಾಯಿತು. ಮರುವರ್ಷ ಆತ ಉಂಗುರ ವಾಪಸ್ ಕಳಿಸಿದ. ಅವಳು ಬೇಡಿಕೊಂಡಳು. ಅವಳ ಅಪ್ಪನೂ ಬಂದು ಕೇಳಿದರು. ಅವಳೇ ತನ್ನನ್ನು ಬಿಡಲಿ ಅಂತ ಆತ ಕಲ್ಲುಮನಸ್ಸಿನವನ ಹಾಗೆ ನಟಿಸಿದ. ಆತ ಒಬ್ಬನೇ ನಿಲ್ಲಬೇಕೆಂದಿದ್ದಕ್ಕೆ ಅವಳು ಅಳಬೇಕಾಯಿತು.

'ಭಯ ಮತ್ತು ನಡುಕ' ಪುಸ್ತಕದ ಮೊದಲಲ್ಲಿ ಅಬ್ರಹಾಮನ ಕಥೆಯನ್ನು ಆತ ನಾಲ್ಕು ಥರ ಹೇಳಿ ನೋಡುತ್ತಾನೆ. ನಾಲ್ಕನೆಯದರಲ್ಲಿ ಅಪ್ಪನ ಎಡಗೈ ಹತಾಶೆಯಿಂದ ಬಿಗಿಯಾದದ್ದನ್ನು ಇಸಾಕ ನೋಡಿಬಿಡುತ್ತಾನೆ. ಬಲಿ ತಪ್ಪಿ ಮನೆಗೆ ಮರಳುವಷ್ಟರಲ್ಲಿ ಅವನ ನಂಬಿಕೆ ಹೋಗಿರುತ್ತದೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ.