ನಿಮ್ಮ ದೂರು ಸ್ಪ್ಯಾಮ್‌ನಂತೆ ಕಾಣುತ್ತಿದೆ

ನಮ್ಮ ಪಕ್ಕದ ಮನೆಯ ರಾಯರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಿಂಚಣಿ ವಿಷಯಕ್ಕೆ ಒಂದು ಕಚೇರಿಗೆ ಮೇಲ್ ಕಳಿಸಬೇಕಿತ್ತು. ವೆಬ್‌ಸೈಟಿನಲ್ಲಿ ವಿಳಾಸ ಹೇಗಿತ್ತೋ ಹಾಗೇ ಟೈಪ್ ಮಾಡಿದರು. ಅಂದರೆ @ ಚಿಹ್ನೆ ಇರಬೇಕಾದ ಕಡೆ ಚೌಕ ಬ್ರಾಕೆಟ್ಟು, ಒಳಗೆ ‘ಅಟ್’, ಮತ್ತೆ ಬ್ರಾಕೆಟ್ಟು. ಚುಕ್ಕಿ ಇರಬೇಕಾದ ಕಡೆ ಬ್ರಾಕೆಟ್ಟಿನೊಳಗೆ ‘ಡಾಟ್’. ಮೇಷ್ಟ್ರಲ್ವಾ, ಒಂದಕ್ಷರ ತಪ್ಪಿಲ್ಲ. ಮೇಲ್ ಮಾತ್ರ ಹೋಗಲಿಲ್ಲ.

“ವಿಳಾಸ ಯಾಕಪ್ಪಾ ಹೀಗೆ ಬರೆದಿದ್ದಾರೆ?” ಎಂದು ಕೇಳಿದರು.

“ಸ್ಪ್ಯಾಮ್ ಕಳಿಸೋರ ಕೈಗೆ ಸಿಗಬಾರದು ಅಂತ ಸಾರ್.”

“ಅವರಿಗೆ ಸಿಕ್ಕಿಲ್ವಾ?”

ಸಿಕ್ಕಿದೆ. ವಿಳಾಸ ಹೆಕ್ಕುವ ಪ್ರೋಗ್ರಾಮಿಗೆ ಆ ಬ್ರಾಕೆಟ್ಟು ಬಿಡಿಸಲು ಒಂದು ಸಾಲಿನ ಕೋಡ್ ಸಾಕು. ಅಷ್ಟೂ ಕಷ್ಟ ಬೇಡ ಅಂತಲೋ ಏನೋ, ಅದೇ ವೆಬ್‌ಸೈಟಿನಲ್ಲಿ ಒಂದು ಪಿಡಿಎಫ್ ಇದೆ. ಅದರಲ್ಲಿ ಅಧಿಕಾರಿಗಳ ಫೋನು, ಮೇಲು ಎಲ್ಲ ಬ್ರಾಕೆಟ್ಟಿಲ್ಲದೆ ಸಾಲಾಗಿ ನಿಂತಿವೆ. ವಿಳಾಸ ಸಿಗದೇ ಹೋಗಿದ್ದು ರಾಯರೊಬ್ಬರಿಗೇ.

ನಾನು ಒಂದು ಸಣ್ಣ ಆಫೀಸಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವನು. ಇಂಥದ್ದಕ್ಕೆ ನಗುವ ಹಕ್ಕು ನನಗಿಲ್ಲ.

ಮೇಲ್ ಎಂಬುದು ಹುಟ್ಟಾ ಪೋಸ್ಟ್ ಕಾರ್ಡ್. 1982ರಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದಾಗ ‘ಇಂದ’ ಎನ್ನುವ ಜಾಗದಲ್ಲಿ ಯಾರ ಹೆಸರು ಬೇಕಾದರೂ ಹಾಕಬಹುದಿತ್ತು. ‘ಬ್ರಹ್ಮದೇವ, ಸತ್ಯಲೋಕ’ ಎಂದು ಬರೆದರೂ ತಲುಪುತ್ತಿತ್ತು. ಆಗ ನೆಟ್‌ವರ್ಕ್ ಅಂದರೆ ಒಂದು ವಠಾರ ಇದ್ದ ಹಾಗೆ, ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಂತ ವಠಾರದವರೆಲ್ಲ ಸಾಧುಗಳೇನಲ್ಲ. 1978ರ ಮೇ ತಿಂಗಳಲ್ಲೇ ಗ್ಯಾರಿ ಥರ್ಕ್ ಎಂಬಾತ ತನ್ನ ಕಂಪನಿಯ ಕಂಪ್ಯೂಟರ್ ಮಾರಲು ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೇ ಮೇಲ್ ಬಿಟ್ಟಿದ್ದ. ಬೈಗುಳವೂ ಬಂತು, ವ್ಯಾಪಾರವೂ ಆಯ್ತು. ಬೈಗುಳ ಯಾರಿಗೆ ನೆನಪಿರುತ್ತೆ? 2004ರಲ್ಲಿ ದಾವೋಸ್‌ನಲ್ಲಿ ಬಿಲ್ ಗೇಟ್ಸ್ ಎದ್ದು ನಿಂತು, ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಕಥೆ ಮುಗಿಯುತ್ತೆ ಎಂದರು. ಆ ಎರಡು ವರ್ಷ ನಮ್ಮೂರಿನ ಫ್ಲೈಓವರ್‌ನ ಎರಡು ವರ್ಷ ಇರಬೇಕು.

ಈಗ ಕಾವಲು ಬಂದಿದೆ, ಒಂದಲ್ಲ ಮೂರು. ನಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಹಾಕಬಹುದು ಎಂಬ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ ಡಿಕಿಮ್. ಎರಡರಲ್ಲಿ ಒಂದೂ ತಾಳೆಯಾಗದ ಮೇಲ್ ಬಂದರೆ ಏನು ಮಾಡಬೇಕು ಎಂಬ ಅಪ್ಪಣೆ ಡಿಮಾರ್ಕ್. ಅಪ್ಪಣೆ ಮೂರು ಬಗೆ: ಹೊರಗಟ್ಟು, ಸ್ಪ್ಯಾಮಿಗೆ ಹಾಕು, ಇಲ್ಲವೇ ಸುಮ್ನಿರು. ನಮ್ಮ ಆಫೀಸಿನದು ಮೂರನೆಯದು. ಗೇಟಿನಲ್ಲಿ ವಾಚ್‌ಮನ್ ಇದ್ದಾನೆ, ರಿಜಿಸ್ಟರ್ ಇದೆ, ದಾರ ಕಟ್ಟಿದ ಪೆನ್ನೂ ಇದೆ. ಕಳ್ಳ ಬಂದರೆ ಹೆಸರು ಬರೆದುಕೊಂಡು ಒಳಗೆ ಬಿಡುತ್ತಾನೆ.

“ಬಿಗಿ ಮಾಡೋಣ ಸಾರ್” ಎಂದೆ ಸಾಹೇಬರಿಗೆ.

“ನಾವು ಕಳಿಸೋ ಮೇಲ್‌ಗಳೇ ನಿಂತುಬಿಟ್ರೆ?”

ಭಯ ಸುಳ್ಳಲ್ಲ. ಸಂಬಳದ ಚೀಟಿ ಒಂದು ಕಂಪನಿಯ ಸರ್ವರ್‌ನಿಂದ ಹೋಗುತ್ತೆ, ಯುಗಾದಿ ಶುಭಾಶಯ ಇನ್ನೊಂದರಿಂದ. ಯಾರ್ಯಾರು ನಮ್ಮ ಹೆಸರಲ್ಲಿ ಮೇಲ್ ಕಳಿಸುತ್ತಿದ್ದಾರೆ ಎಂಬ ಪಟ್ಟಿಯೇ ನಮ್ಮಲ್ಲಿಲ್ಲ. ಅಂದಹಾಗೆ ಸಾಹೇಬರ ಪಾಸ್‌ವರ್ಡ್ ಅವರ ಮಾನಿಟರ್ ಮೇಲೆ ಹಳದಿ ಚೀಟಿಯಲ್ಲಿದೆ. ಚೀಟಿ ಬೀಳದಿರಲಿ ಅಂತ ಮೇಲೆ ಟೇಪ್ ಹಾಕಿದ್ದಾರೆ. ಭದ್ರತೆ ಅಂದರೆ ಅದು.

ಸ್ಪ್ಯಾಮ್ ಕಳಿಸುವವನದು ಹಾಗಲ್ಲ. ಅಗ್ಗದ ಡೊಮೈನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಕೊಳ್ಳುತ್ತಾನೆ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಅದೇ ದಿನ ಸರಿಮಾಡಿಕೊಳ್ಳುತ್ತಾನೆ. ಮೇಲ್ ಯಾರದ್ದು ಎಂದಷ್ಟೇ ಈ ಮೂರು ನೋಡುವುದು, ಅವನು ಎಂಥವನು ಎಂದಲ್ಲ. ಅವನ ಲಾಟರಿ ಇನ್‌ಬಾಕ್ಸಿಗೆ ಬರುತ್ತೆ. ನಮ್ಮ ಆಫೀಸಿನ ಬಿಲ್ಲು ಸ್ಪ್ಯಾಮ್ ಫೋಲ್ಡರಿನಲ್ಲಿ ಕೂತಿರುತ್ತೆ.

ಹೋದ ತಿಂಗಳು ಒಂದೇ ಐಪಿಯಿಂದ, ಅಂದರೆ ನೆಟ್‌ವರ್ಕಿನ ಒಂದೇ ಅಂಕಿ-ವಿಳಾಸದಿಂದ, ದಿನಕ್ಕೆ 40 ಸಲ ‘ನಿಮ್ಮ ಪಾರ್ಸೆಲ್ ನಿಂತಿದೆ’ ಎಂಬ ಮೇಲ್ ಬರತೊಡಗಿತು. ನಾನು ಯಾವ ಪಾರ್ಸೆಲ್ಲೂ ತರಿಸಿಲ್ಲ. ಮೇಲ್ ಬಂದ ದಾರಿ ಬರೆದಿರುವ ಹೆಡರ್ ಬಿಡಿಸಿ ನೋಡಿದೆ, ಆ ಐಪಿ ಯಾವ ಹೋಸ್ಟಿಂಗ್ ಕಂಪನಿಯದ್ದು, ಅಂದರೆ ಸರ್ವರ್ ಬಾಡಿಗೆಗೆ ಕೊಡುವವರು ಯಾರು, ಅಂತ ಸಿಕ್ಕಿತು. ಇಂಥ ದೂರಿಗಾಗಿ ‘ಅಬ್ಯೂಸ್’ ಎಂಬ ಹೆಸರಿನ ಪೆಟ್ಟಿಗೆ ಇಡಿ ಎಂದು 1997ರಲ್ಲೇ ಇಂಟರ್ನೆಟ್ ಹಿರಿಯರು ಬರೆದಿಟ್ಟಿದ್ದಾರೆ. ಅವರಲ್ಲೂ ಇತ್ತು. ಪೂರ್ತಿ ಹೆಡರ್, ಮೂಲ ಮೇಲ್ ಲಗತ್ತಿಸಿ ವಿನಯದಿಂದ ದೂರು ಕೊಟ್ಟೆ.

ಒಂದೇ ನಿಮಿಷದಲ್ಲಿ ಮೇಲ್ ವಾಪಸ್. ತುದಿಯಲ್ಲಿ 550 ಎಂಬ ತಿರಸ್ಕಾರದ ಸಂಖ್ಯೆ, ಕೆಳಗೆ ಕಾರಣ: ನಿಮ್ಮ ಸಂದೇಶ ಸ್ಪ್ಯಾಮ್‌ನಂತೆ ಕಾಣುತ್ತಿದೆ.

ಕಾಣದೇ ಇನ್ನೇನು! ಅದರಲ್ಲಿ ಇದ್ದದ್ದೇ ಅವರ ಸರ್ವರ್ ಕಳಿಸಿದ ಸ್ಪ್ಯಾಮ್. ಕಳ್ಳ ಬಿಟ್ಟುಹೋದ ಚಪ್ಪಲಿ ಹಿಡಿದು ಸ್ಟೇಷನ್‌ಗೆ ಹೋದರೆ, ಚಪ್ಪಲಿ ಒಳಗೆ ತರಬಾರದು ಎಂದು ಬಾಗಿಲಲ್ಲೇ ತಡೆದ ಹಾಗಾಯ್ತು. ಆಯ್ತು ಅಂತ ಲಗತ್ತು ತೆಗೆದು ಬರೀ ದೂರು ಕಳಿಸಿದೆ. ಈ ಸಲ ಸ್ವೀಕಾರವಾಯ್ತು, ಟಿಕೆಟ್ ಸಂಖ್ಯೆಯೂ ಬಂತು. ಮೂರನೇ ದಿನ ಉತ್ತರ: ಸಾಕ್ಷಿ ಇಲ್ಲದ ಕಾರಣ ದೂರು ಮುಕ್ತಾಯಗೊಳಿಸಲಾಗಿದೆ. ದಯವಿಟ್ಟು ಮೂಲ ಮೇಲನ್ನು ಲಗತ್ತಿಸಿ ಮತ್ತೆ ಕಳಿಸಿ.

ಕೆಳಗೆ ಐದು ನಕ್ಷತ್ರ ಬೇರೆ. ನಮ್ಮ ಸೇವೆ ಹೇಗಿತ್ತು?

ಒತ್ತಿದೆ, ಅದೇ ತಪ್ಪು. ಮರುದಿನದಿಂದ ಅವರದೇ ಆಫರ್ ಮೇಲ್ ಶುರು. ಕ್ಲೌಡ್ ಸರ್ವರ್ ತಗೊಳ್ಳಿ, ಮೊದಲ ತಿಂಗಳು ಉಚಿತ. ತೆಗೆದು ನೋಡಿದೆ: ಎಸ್‌ಪಿಎಫ್ ಸರಿ, ಡಿಕಿಮ್ ಸರಿ, ಡಿಮಾರ್ಕ್ ಸರಿ. ಬೇಡ ಎಂದು ಅನ್‌ಸಬ್‌ಸ್ಕ್ರೈಬ್ ಒತ್ತಿದರೆ, ಹೆಸರು ತೆಗೆಯಲು 10 ಕೆಲಸದ ದಿನ ಬೇಕಂತೆ. ಸೇರಿಸಲು ಒಂದು ರಾತ್ರಿ ಸಾಕಾಗಿತ್ತು.

ಅಷ್ಟರಲ್ಲಿ ರಾಯರು ಮತ್ತೆ ಬಂದರು. ಬ್ರಾಕೆಟ್ಟು ತೆಗೆದು ಕಳಿಸಿದ ಮೇಲ್ ಕೂಡ ವಾಪಸ್ ಬಂದಿದೆ, ಮೇಲ್‌ಬಾಕ್ಸ್ ತುಂಬಿದೆಯಂತೆ.

“ಏನು ತುಂಬಿರುತ್ತಪ್ಪಾ ಅದರಲ್ಲಿ?” ಎಂದರು.