ಸ್ಪಷ್ಟನೆ: ಬಜೆ, ಜೇನು ನೆಕ್ಕಿಸಿದರೆ ಕೂಸಿಗೆ ಮಾತು ಬೇಗ ಬರುವುದಿಲ್ಲ

ತೀರ್ಥಹಳ್ಳಿ, ಹೊಸನಗರ ಕಡೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: 3 ತಿಂಗಳ ಕೂಸಿಗೆ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಿದರೆ ಮಾತು ಬೇಗ ಬರುತ್ತದಂತೆ. ಇದು ನಿಜವಲ್ಲ. ಕಾಡುಜೇನು ಎಷ್ಟೇ ಶುದ್ಧವಿರಲಿ, ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಬೊಟುಲಿಸಂ ಎಂಬ ಕಾಯಿಲೆಯ ರೋಗಾಣು ಇದ್ದರೆ ಎಳೆ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ. ಕೂಸಿನ ಮೈ ಸೋಲುತ್ತದೆ, ಅಳುವ ದನಿಯೂ ಕುಗ್ಗುತ್ತದೆ.

ಮಾತು ಶುರುವಾಗುವುದು ಕೇಳುವುದರಿಂದ, ಅಲ್ವಾ? ಸುಮಾರು 2 ತಿಂಗಳಿಗೆ ‘ಊಂ, ಆ’ ಅನ್ನುತ್ತದೆ. 6-7 ತಿಂಗಳಿಗೆ ‘ಬಬಬ’. ಮೊದಲ ಪದ ಹೆಚ್ಚುಕಡಿಮೆ ವರ್ಷಕ್ಕೆ. ಎಣ್ಣೆ ಹಚ್ಚಿ ನೀರು ಹೊಯ್ಯುವಾಗ ಅಜ್ಜಿ ಮಾತಾಡಿಸುತ್ತಾರಲ್ಲ, ಅದನ್ನು ಜಾಸ್ತಿ ಮಾಡಿ. ಕೂಸು ಸದ್ದು ಮಾಡಿದರೆ ಉತ್ತರ ಕೊಡಿ, ಅದರ ಸರದಿಗೆ ಕಾಯಿರಿ. ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ.